ಮನೆಯಲ್ಲಿ ಕಟ್ಟುವ ವಿಮಾನ ಮತ್ತು ಕೂಡದ ರಂಧ್ರಗಳು

ಮುಂಬಯಿಯ ಕಾಂದಿವಲಿಯಲ್ಲಿ, ವೃತ್ತಿಯಿಂದ ವಿಮಾನ ಚಾಲಕರಾದ ಅಮೋಲ್ ಯಾದವ್ ಅವರು ತಮ್ಮ ವಸತಿ ಕಟ್ಟಡದ ತಾರಸಿಯ ಮೇಲೆ ಆರು ಆಸನಗಳ ವಿಮಾನವೊಂದನ್ನು ಕಟ್ಟಿ, 2016ರ ಫೆಬ್ರವರಿಯಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಪ್ರದರ್ಶನದಲ್ಲಿ ಜನರ ಮುಂದಿಟ್ಟರು. ನೀರಿನ ಟಾಂಕಿಗೂ ಹಪ್ಪಳ ಸಂಡಿಗೆಗಳಿಗೂ ಮೀಸಲಾದ ತಾರಸಿಯಲ್ಲಿ ವಿಮಾನವೇ ಎಂದು ನಗರವಾಸಿಗಳು ಬೆರಗಾದುದು ಸಹಜ. ಯಾದವ್ ಅವರದು ಸ್ವಂತ ವಿನ್ಯಾಸ. ಅಷ್ಟು ಸಾಹಸಕ್ಕೆ ಇಳಿಯದವರಿಗೆ ಇನ್ನೊಂದು ದಾರಿಯಿದೆ: ಸಿದ್ಧ ಬಿಡಿಭಾಗಗಳ ಕಿಟ್ ತರಿಸಿಕೊಂಡು, ಕೈಪಿಡಿಯನ್ನು ನೋಡಿಕೊಂಡು, ಮನೆಯ ಮೋಟಾರು ಕೊಟ್ಟಿಗೆಯಲ್ಲೇ ವಿಮಾನವನ್ನು ಜೋಡಿಸುವುದು.

ಈ ಹವ್ಯಾಸದ ತವರು ಅಮೆರಿಕ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಪ್ರಾಯೋಗಿಕ ವಿಮಾನ ಸಂಘವು ಇದಕ್ಕೆ ಬುಡ ಹಾಕಿತು. ಓರೆಗಾನಿನ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1973ರಲ್ಲಿ ಆರಂಭಿಸಿದ ಸಂಸ್ಥೆಯ ಆರ್‌ವಿ ಮಾಲೆಯ ಅಲ್ಯೂಮಿನಿಯಮ್ ವಿಮಾನಗಳು ಹತ್ತು ಸಾವಿರಕ್ಕೂ ಮಿಕ್ಕಿ ಆಕಾಶಕ್ಕೇರಿವೆ. ನಮ್ಮ ಬೆಂಗಳೂರೂ ಈ ಕಥೆಯಿಂದ ದೂರವಿಲ್ಲ. ಅಲ್ಲಿಯ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ಎಂಬ ಹಗುರ ವಿಮಾನ ಕಿಟ್ ರೂಪದಲ್ಲಿ ಹೊರದೇಶಗಳಿಗೆ ಹೋಗಿ, ಅಲ್ಲಿಯ ಹವ್ಯಾಸಿಗಳ ಕೈಯಲ್ಲಿ ಜೋಡಣೆಗೊಂಡಿದೆ.

ಕಿಟ್ ಎಂದೊಡನೆ ಮಕ್ಕಳ ಆಟಿಕೆಯಂತೆ ತುಂಡಿಗೆ ತುಂಡು ಸರಾಗವಾಗಿ ಕೂಡುತ್ತದೆಂದು ಭಾವಿಸಬಾರದು. ಕಟ್ಟುವವನ ಸಾಕಷ್ಟು ಕಾಲ ಕೂಡದ್ದನ್ನು ಕೂಡಿಸುವುದರಲ್ಲಿ ಹೋಗುತ್ತದೆ. ತಗಡಿನ ರಂಧ್ರವೂ ಅದರಡಿಯ ಚೌಕಟ್ಟಿನ ರಂಧ್ರವೂ ಎದುರುಬದುರಾಗದೆ ಅರ್ಧ ಚಂದ್ರದಷ್ಟು ಮಾತ್ರ ಬೆಳಕು ಕಾಣುವ ಗಳಿಗೆ ಪ್ರತಿಯೊಬ್ಬನಿಗೂ ಬಂದೇ ಬರುತ್ತದೆ. ಆಗ ಬೈರಿಗೆಯನ್ನು ಎತ್ತಿಕೊಂಡು ರಂಧ್ರವನ್ನು ಹಿಗ್ಗಿಸಿಬಿಡುವ ಆಸೆಯೇ ಮೊದಲ ಶತ್ರು.

ಅನುಭವಿಗಳು ಮೊದಲು ಮಾಡುವ ಕೆಲಸ ಕೈಕಟ್ಟಿ ನಿಲ್ಲುವುದು. ಎಡದ ತುಂಡು ಬಲಕ್ಕೆ ಬಂದಿದೆಯೆ? ತಲೆಕೆಳಗಾಗಿದೆಯೆ? ರಂಧ್ರದ ಅಂಚಿನಲ್ಲಿ ಕೊರೆತದ ಮುಳ್ಳು ಉಳಿದು ತಗಡನ್ನು ಎತ್ತಿ ಹಿಡಿದಿದೆಯೆ? ಇಷ್ಟನ್ನು ನೋಡಿದರೇ ಎಷ್ಟೋ ತೊಡಕು ಬಿಡುತ್ತದೆ. ಅನಂತರ ಬರುವುದು ರೆಕ್ಕೆಯ ಪಕ್ಕೆಲುಬುಗಳ ಸರದಿ. ಅಚ್ಚಿನಲ್ಲಿ ಒತ್ತಿ ಅಂಚು ಮಡಿಸಿದ ಈ ತಗಡುಗಳು ಮಡಿಕೆಯ ಬಿಗುವಿನಿಂದ ಬಾಳೆಹಣ್ಣಿನಂತೆ ಸ್ವಲ್ಪ ಬಾಗಿರುತ್ತವೆ. ಅಂಚಿನ ರಂಧ್ರಗಳ ಸಾಲೂ ಬಾಗುತ್ತದೆ. ಇದಕ್ಕೆ ಬೈರಿಗೆಯಲ್ಲ, ವಿಶೇಷ ಇಕ್ಕಳವೇ ಮದ್ದು. ರಂಧ್ರ ರಂಧ್ರಗಳ ನಡುವೆ ಸೀರೆಯ ನೆರಿಗೆಯಂತೆ ಚಿಕ್ಕ ಚಿಕ್ಕ ನೆರಿಗೆ ಹಿಡಿದರೆ ಅಂಚು ಅಷ್ಟಷ್ಟೇ ಕುಗ್ಗಿ ಸಾಲು ನೇರವಾಗುತ್ತದೆ. ಮಡಿಕೆಯ ಕೋನವನ್ನೂ ತೊಂಬತ್ತು ಅಂಶಕ್ಕೆ ತಿದ್ದಬೇಕು. ಈ ಎರಡು ಕೆಲಸವಾದ ಮೇಲೆ, ಹಿಂದಿನ ದಿನ ಹಟ ಹಿಡಿದಿದ್ದ ತಗಡು ತಾನಾಗಿ ಬಂದು ಕೂತುಕೊಳ್ಳುವುದುಂಟು.

ರಿವೆಟ್ ಬಡಿಯುವ ಮುನ್ನ ಎಲ್ಲವನ್ನೂ ಕ್ಲಿಕೋ ಎಂಬ ಸ್ಪ್ರಿಂಗಿನ ತಾತ್ಕಾಲಿಕ ಗೂಟಗಳಿಂದ ಹಿಡಿದಿಡುತ್ತಾರೆ. ದರ್ಜಿಯ ಕಚ್ಚಾ ಹೊಲಿಗೆಯ ಹಾಗೆ ಇದು, ಬಿಚ್ಚಬಹುದು, ತಿದ್ದಬಹುದು. ಒಂದು ತುದಿಯಿಂದ ಹಿಡಿದುಕೊಂಡು ಹೋದರೆ ತಪ್ಪೆಲ್ಲ ಇನ್ನೊಂದು ತುದಿಯಲ್ಲಿ ಗುಡ್ಡೆ ಬೀಳುತ್ತದೆ. ಆದ್ದರಿಂದ ನಡುವಿನಿಂದ ಹೊರಕ್ಕೆ ಹೋಗುವುದು ಜಾಣತನ. ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡೂವರೆ ಮೀಟರ್ ಉದ್ದದ ಅಲ್ಯೂಮಿನಿಯಮ್ ತಗಡು ಹತ್ತು ಡಿಗ್ರಿ ಸೆಂಟಿಗ್ರೇಡ್ ಕಾವೇರಿದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ತಗಡಿನ ಮೇಲೆ ಬಿಸಿಲು, ಚೌಕಟ್ಟಿನ ಮೇಲೆ ನೆರಳು ಎಂದಾದರೆ ಕೊನೆಯ ರಂಧ್ರಗಳು ಕೂಡುವುದಿಲ್ಲ. ಒತ್ತಾಯದಿಂದ ಕೂಡಿಸಿದರೆ ತಗಡು ಸುಕ್ಕಾಗಿ, ಖಾಲಿ ಡಬ್ಬದ ಮುಚ್ಚಳ ಒತ್ತಿದಂತೆ ಟಪ್ಪೆನ್ನುತ್ತದೆ. ಅಮೆರಿಕದ ಕೊಟ್ಟಿಗೆಗಿಂತ ನಮ್ಮ ಮೇ ತಿಂಗಳ ತಾರಸಿಗೆ ಈ ಮಾತು ಹೆಚ್ಚು ಅನ್ವಯಿಸೀತು!

ಇಷ್ಟಾದರೂ ರಂಧ್ರ ತಪ್ಪಿದರೆ? ಇಲ್ಲಿ ಕಣ್ಣಳತೆ ಸಾಲದು, ಕಟ್ಟಳೆ ಬೇಕು. ರಂಧ್ರದ ನಡುಬಿಂದುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ಲೋಹ ಉಳಿದಿರಬೇಕೆಂಬುದು ಸಾಮಾನ್ಯ ನಿಯಮ. ಅಷ್ಟು ಉಳಿದಿದ್ದರೆ ಒಂದಳತೆ ದಪ್ಪನೆಯ ರಿವೆಟ್ ಹಾಕಬಹುದು. ಉಳಿಯದಿದ್ದರೆ, ಅಥವಾ ಎರಡು ರಂಧ್ರ ಬೆಸೆದು ಇಂಗ್ಲಿಷಿನ ಎಂಟರ ಅಂಕಿಯಂತಾಗಿದ್ದರೆ, ಕಿಟ್ ತಯಾರಕರನ್ನು ಕೇಳಬೇಕು. ಅವರು ಬೇಡವೆಂದರೆ ಆ ಭಾಗವನ್ನು ಎಸೆಯಲೇಬೇಕು. ವಾರಗಟ್ಟಲೆಯ ದುಡಿಮೆಯನ್ನು ಕಸಕ್ಕೆ ಹಾಕುವುದು ಮನಸ್ಸಿಗೆ ಒಗ್ಗದ ಮಾತು. ಆದರೆ ಪಕ್ಕದ ಆಸನದಲ್ಲಿ ಮುಂದೊಂದು ದಿನ ಮಡದಿಯೋ ಮಗಳೋ ಕೂರುವವರಿದ್ದಾರೆ. ವಿಚಿತ್ರವೆಂದರೆ ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ತುಸು ಓರೆಯಾದ ರಿವೆಟ್ಟನ್ನು ಕಂಡು ಸಹಿಸಲಾರದೆ ಅದನ್ನು ಕೊರೆದು ತೆಗೆಯಲು ಹೋಗಿ, ಚೆನ್ನಾಗಿದ್ದ ರಂಧ್ರವನ್ನು ಹಾಳುಮಾಡಿಕೊಂಡವರು ಬಹಳ. ಅಳತೆಯ ಮಿತಿಯೊಳಗಿದ್ದರೆ ಅದನ್ನು ಅದರ ಪಾಡಿಗೆ ಬಿಡುವುದೇ ಮೇಲು.

ತಪ್ಪು ಸದಾ ಹವ್ಯಾಸಿಯದೇ ಆಗಿರಬೇಕೆಂದೂ ಇಲ್ಲ. 2022-23ರ ಸುಮಾರಿಗೆ ಆರ್‌ವಿ ಸಂಸ್ಥೆ ಲೇಸರ್ ಕಿರಣದಿಂದ ಕತ್ತರಿಸಿದ ಭಾಗಗಳನ್ನು ಕಳುಹಿಸಿತು. ಕಿರಣ ತಗಡನ್ನು ಹೊಕ್ಕ ಜಾಗದಲ್ಲಿ ರಂಧ್ರದ ಅಂಚಿಗೆ ಸೂಕ್ಷ್ಮವಾದ ಕಚ್ಚು ಉಳಿದಿತ್ತು. ರಿವೆಟ್ಟಿನ ತಲೆ ಕೂರಲೆಂದು ಅಂಚನ್ನು ಬಟ್ಟಲಿನಂತೆ ತಗ್ಗಿಸಿದಾಗ ಕೆಲವು ಕಡೆ ಅಲ್ಲಿಂದ ಬಿರುಕು ಹೊರಟಿತು. ಇದನ್ನು ಗುರುತಿಸಿದವರು ಕೊಟ್ಟಿಗೆಗಳಲ್ಲಿ ಕೂತು ಪ್ರತಿ ರಂಧ್ರವನ್ನೂ ದಿಟ್ಟಿಸುತ್ತಿದ್ದ ಗಿರಾಕಿಗಳು. ಬದಲಿ ಭಾಗಗಳ ಹೊರೆಯೂ ಇತರ ನಷ್ಟಗಳೂ ಸೇರಿ ಸಂಸ್ಥೆ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆಯ ಮೊರೆಹೋಗಬೇಕಾಯಿತು. 2024ರಲ್ಲಿ ಅದರಿಂದ ಹೊರಬಂದಿತು.

ಎಲ್ಲಕ್ಕಿಂತ ಎದೆ ನಡುಗಿಸುವುದು ಚಾಲಕನ ತಲೆಯ ಮೇಲಿನ ಅಕ್ರಿಲಿಕ್ ಗವಸು. ಗುಳ್ಳೆಯಂತೆ ಉಬ್ಬಿದ ಈ ಪಾರದರ್ಶಕ ಭಾಗವನ್ನು ಚೌಕಟ್ಟಿಗೆ ಹೊಂದುವಂತೆ ಕೊರೆಯಬೇಕು. ಚಳಿಯಲ್ಲಿ ಅದು ಪೆಡಸಾಗುತ್ತದೆ, ಆದ್ದರಿಂದ ಬೇಸಗೆಗೆ ಕಾಯುವವರುಂಟು, ಕೋಣೆಯನ್ನು ಕಾಯಿಸಿಕೊಳ್ಳುವವರುಂಟು. ಹಲ್ಲಿನ ಗರಗಸ ಬೇಡ, ಉಜ್ಜಿ ಕತ್ತರಿಸುವ ಬಿಲ್ಲೆ ಬೇಕು. ಕತ್ತರಿಸಿದ ಅಂಚನ್ನು ಮರಳುಕಾಗದದಿಂದ ನುಣುಪು ಮಾಡದಿದ್ದರೆ ಚಿಕ್ಕ ಗೀರೇ ಬಿರುಕಾಗುತ್ತದೆ. ಅಕ್ರಿಲಿಕ್ ಅಲ್ಯೂಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಹಿಗ್ಗುವುದರಿಂದ ತಿರುಪಿನ ರಂಧ್ರಗಳನ್ನು ಬೇಕೆಂದೇ ಸಡಿಲವಾಗಿಡುತ್ತಾರೆ. ಬಿಗಿಯೇ ಬಲವೆಂದು ನಂಬಿದವನಿಗೆ ಇಲ್ಲಿ ಪೆಟ್ಟು.

ದೇಹಾರೋಗ್ಯದ ಮಾತನ್ನೂ ಮರೆಯುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ರಿವೆಟ್ ಬಡಿತದ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಬಡಿಯುವವನಿಗೂ ಹಿಂದೆ ಕಬ್ಬಿಣದ ಗಟ್ಟಿ ಹಿಡಿದ ಜೊತೆಗಾರನಿಗೂ ಕಿವಿಗವಸು ಬೇಕು. ಎಪಾಕ್ಸಿ ಅಂಟನ್ನು ಬರಿಗೈಯಲ್ಲಿ ಮುಟ್ಟುತ್ತ ಬಂದವರಿಗೆ ಚರ್ಮದ ಅಲರ್ಜಿ ತಗಲಿದರೆ ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಗಾಜಿನ ನಾರಿನ ಭಾಗಗಳನ್ನು ಉಜ್ಜುವಾಗ ಮೂಗಿಗೆ ತಕ್ಕ ಮುಸುಕು ಇರಲೇಬೇಕು.

ಕೊನೆಗೆ ರೆಕ್ಕೆಯನ್ನು ಒಡಲಿಗೆ ಸೇರಿಸುವ ದಿನ. ಹಳೆಯ ಆರ್‌ವಿ ಮಾದರಿಗಳಲ್ಲಿ ರೆಕ್ಕೆಯ ಹಿಂದಿನ ತೊಲೆಯ ಬೋಲ್ಟಿಗೆ ರಂಧ್ರವನ್ನು ಕಟ್ಟುವವನೇ ಕೊರೆಯಬೇಕು. ಆ ಒಂದು ರಂಧ್ರವೇ ರೆಕ್ಕೆಯ ಏರುಕೋನವನ್ನು ನಿರ್ಧರಿಸುತ್ತದೆ. ಎರಡು ರೆಕ್ಕೆಗಳ ಕೋನ ಒಂದೇ ಆಗದಿದ್ದರೆ ವಿಮಾನ ಸದಾ ಒಂದು ಮಗ್ಗುಲಿಗೆ ವಾಲುತ್ತದೆ. ಇದಕ್ಕೆ ಬೇಕಾದ ಉಪಕರಣಗಳು ನಮ್ಮ ಗಾರೆ ಕೆಲಸದವರ ಚೀಲದಲ್ಲಿರುವಂಥವೇ: ತೂಗುಗುಂಡು, ದಾರ, ರಸಮಟ್ಟ, ನೀರು ತುಂಬಿದ ನಳಿಗೆ. ಮೊದಲು ಒಡಲನ್ನು ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡುತ್ತಾರೆ. ರೆಕ್ಕೆಗಳ ಮುಂದಂಚಿನಿಂದ ಗುಂಡುಗಳನ್ನು ಇಳಿಬಿಟ್ಟು, ಅವು ಒಂದೇ ದಾರದ ಗೆರೆಯಲ್ಲಿವೆಯೆ ಎಂದು ನೋಡುತ್ತಾರೆ. ಎರಡೂ ರೆಕ್ಕೆಯ ತುದಿಗಳಿಂದ ಬಾಲದ ನಡುಬಿಂದುವಿಗೆ ಇರುವ ದೂರ ಸಮವಾಗಿರಬೇಕು. ಆಮೇಲೆ ಕೋನವನ್ನು ಹೊಂದಿಸಿ ತೊಲೆಯನ್ನು ಹಿಡಿಕೆಯಿಂದ ಬಿಗಿದು, ರಂಧ್ರ ಬೀಳುವ ಜಾಗಕ್ಕೆ ನಾಲ್ಕೂ ಕಡೆ ಸಾಕಷ್ಟು ಲೋಹವಿದೆಯೆ ಎಂದು ಅಳೆಯುತ್ತಾರೆ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಅಳತೆ ಸರಿಬಂದ ಕೂಡಲೇ ಕೊರೆಯದೆ, ಬೈರಿಗೆಯನ್ನು ಪಕ್ಕಕ್ಕಿಟ್ಟು ಮಲಗುವವರು ಅನೇಕರು. ಮರುದಿನ ಬೆಳಿಗ್ಗೆ, ಸಂಘದ ಅನುಭವಿ ಸ್ವಯಂಸೇವಕರೊಬ್ಬರನ್ನು ಕರೆಸಿ, ಹಿಂದಿನ ದಿನದ ಅಂಕಿಗಳನ್ನು ಅವರಿಗೆ ತೋರಿಸದೆ, ಎಲ್ಲವನ್ನೂ ಹೊಸದಾಗಿ ಅಳೆಸುತ್ತಾರೆ. ಎರಡು ಚೀಟಿಗಳ ಅಂಕಿಗಳು ತಾಳೆಯಾದರೆ ಮೊದಲು ಸಣ್ಣ ರಂಧ್ರ, ಆಮೇಲೆ ಹಂತಹಂತವಾಗಿ ದೊಡ್ಡದು. ಅಳೆಯಲು ಎರಡು ದಿನ ಹಿಡಿದ ಆ ರಂಧ್ರವನ್ನು ಕೊರೆದು ಮುಗಿಸಲು ಕೆಲವೇ ನಿಮಿಷ ಸಾಕು.