ಹಳೆಯ ಲಾರಿಯ ಕಿಡಿ

ಹಳೆಯ ಪೆಟ್ರೋಲು ಲಾರಿಯೊಂದು ಮನೆಯ ಮುಂದೆ ಹಾದುಹೋಗುವಾಗ ರೇಡಿಯೋದಲ್ಲಿ ಚಟಚಟ ಸದ್ದು ಕೇಳುವುದುಂಟು. ಲಾರಿಯ ಎಂಜಿನಿನಲ್ಲಿ ಹಾರುತ್ತಿರುವ ಕಿಡಿಗಳ ಸದ್ದು ಅದು. ಒಂದೊಂದು ಕಿಡಿಯೂ ಸುತ್ತಲೂ ವಿದ್ಯುತ್ತರಂಗಗಳನ್ನು ಎಬ್ಬಿಸುತ್ತದೆ. ರೇಡಿಯೋ ಪೆಟ್ಟಿಗೆ ಅವನ್ನು ಹಿಡಿದು ನಮ್ಮ ಕಿವಿಗೆ ಮುಟ್ಟಿಸುತ್ತದೆ. ಕೇಳುವವರಿಗೆ ಇದು ಕಿರಿಕಿರಿ. ಲಾರಿಗಾದರೋ ಆ ಕಿಡಿಯೇ ಪ್ರಾಣ. ಅದು ಸೊರಗಿದರೆ ಪೆಟ್ರೋಲು ಉರಿಯದೆ ಹೊಗೆಯ ಕೊಳವೆಯಲ್ಲಿ ಹೊರಟುಹೋಗುತ್ತದೆ. ಹೊರೆ ಹೊತ್ತ ಲಾರಿ ಘಟ್ಟದ ನಡುವೆ ನಿಂತುಬಿಡುತ್ತದೆ. ಈ ಕಿಡಿ ಹುಟ್ಟುವ ಬಗೆ ಹೇಗೆ, ಅದನ್ನು ಹುಟ್ಟಿಸುವ ಭಾಗಗಳು ಸವೆದಾಗ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಇಂದಿನ ಲಾರಿಗಳಲ್ಲಿ ಬಹುಪಾಲು ಡೀಸೆಲ್ ಎಂಜಿನಿನವು. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಅವುಗಳಲ್ಲಿ ಎಣ್ಣೆ ಹೊತ್ತಿಕೊಳ್ಳುವುದರಿಂದ ಅವಕ್ಕೆ ಕಿಡಿ ಬೇಕಿಲ್ಲ. ನಮ್ಮ ಮಾತು ಅವಕ್ಕಿಂತ ಹಿಂದಿನ ತಲೆಮಾರಿನದು. ಜನರಲ್ ಮೋಟಾರ್ಸ್ ಕಂಪನಿಯವರು 1928ರಲ್ಲಿ ಮುಂಬಯಿಯಲ್ಲಿ ಕಾರ್ಖಾನೆಯನ್ನು ತೆರೆದು ಷೆವ್ರೊಲೆ ಬಂಡಿಗಳನ್ನು ಜೋಡಿಸತೊಡಗಿದರು. 1937ರಲ್ಲಿ ಬಂದ ಷೆವ್ರೊಲೆಯ 216 ಘನ ಅಂಗುಲದ ಆರು ಸಿಲಿಂಡರಿನ ಎಂಜಿನನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಥ ಲಾರಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಇಂದಿಗೂ ಇದ್ದಾರೆ.

ಆ ಲಾರಿಯ ಬ್ಯಾಟರಿಯ ಒತ್ತಡ ಆರು ವೋಲ್ಟು ಮಾತ್ರ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಹಲವು ಸಾವಿರ ವೋಲ್ಟು ಬೇಕು. ಆರನ್ನು ಸಾವಿರಗಳಾಗಿ ಮಾಡುವ ಗುಟ್ಟನ್ನು ಫ್ಯಾರಡೆ 1831ರಲ್ಲಿಯೇ ಕಂಡುಹಿಡಿದಿದ್ದನು. ಅದನ್ನು ಮೋಟಾರಿಗೆ ಹೊಂದಿಸಿದವರಲ್ಲಿ ಮುಖ್ಯನು ಅಮೆರಿಕದ ಚಾರ್ಲ್ಸ್ ಕೆಟರಿಂಗ್; ಅವನ ಏರ್ಪಾಡು 1910ರ ಕ್ಯಾಡಿಲ್ಯಾಕ್ ಬಂಡಿಗಳಲ್ಲಿ ಬಂದಿತು. ಕಾಯಿಲೆಂಬ ಡಬ್ಬಿಯಲ್ಲಿ ದಪ್ಪ ತಂತಿಯ ಕೆಲವು ಸುತ್ತುಗಳೂ ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ದಪ್ಪ ತಂತಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ಪಾಯಿಂಟುಗಳು ಬಾಯಿ ತೆರೆದು ಥಟ್ಟನೆ ಕಡಿದಾಗ, ಅಲ್ಲಿದ್ದ ಅಯಸ್ಕಾಂತಶಕ್ತಿ ಕುಸಿದು ಸಣ್ಣ ತಂತಿಯಲ್ಲಿ ಭಾರಿ ಒತ್ತಡವನ್ನು ಹುಟ್ಟಿಸುತ್ತದೆ. ಕಡಿತ ಚುರುಕಾಗಿರಬೇಕು, ಆ ಚುರುಕನ್ನು ಕಾಯುವುದು ಕಂಡೆನ್ಸರು. ಪಾಯಿಂಟುಗಳ ನಡುವೆ ಜಿಗಿಯಲೆಳಸುವ ಪ್ರವಾಹವನ್ನು ಅದು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನಲ್ಲಿ ತಿರುಗುವ ರೋಟರು ಒತ್ತಡವನ್ನು 1-5-3-6-2-4 ಎಂಬ ಸರದಿಯಲ್ಲಿ ಆರು ಪ್ಲಗ್ಗುಗಳಿಗೂ ಹಂಚುತ್ತದೆ.

ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗಿನಲ್ಲಿಯೂ ನಿಮಿಷಕ್ಕೆ 1000 ಕಿಡಿ ಹಾರಬೇಕು. ಆರು ಪ್ಲಗ್ಗುಗಳಿಗೂ ದುಡಿಯುವ ಒಂದೇ ಜೊತೆ ಪಾಯಿಂಟು ಅದೇ ನಿಮಿಷದಲ್ಲಿ 6000 ಬಾರಿ, ಎಂದರೆ ಸೆಕೆಂಡಿಗೆ ನೂರು ಬಾರಿ, ಬಾಯಿ ತೆರೆದು ಮುಚ್ಚಬೇಕು. ಇಷ್ಟು ದುಡಿಯುವ ಭಾಗಗಳು ಸವೆಯುವುದರಲ್ಲಿ ಆಶ್ಚರ್ಯವೇನು?

ಸವೆತದ ಪರಿಣಾಮವಾದರೋ ಸವೆದಲ್ಲಿಯೇ ನಿಲ್ಲುವುದಿಲ್ಲ. ಕಿಡಿಯು ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತದೆ. ಪ್ಲಗ್ಗಿನ ತುದಿ ಗುಂಡಗಾಗಿ ಸಂದು ಅಗಲವಾದಂತೆ ಅದಕ್ಕೆ ಹೆಚ್ಚು ಒತ್ತಡ ಬೇಕಾಗುತ್ತದೆ. ಏರುದಾರಿಯಲ್ಲಿ ಸಿಲಿಂಡರು ತುಂಬಿ ಗಾಳಿ ಪೆಟ್ರೋಲುಗಳ ಮಿಶ್ರಣ ದಟ್ಟವಾದಾಗ ಇನ್ನೂ ಹೆಚ್ಚು ಬೇಕು. ಸಮನೆಲದಲ್ಲಿ ಸೊಗಸಾಗಿ ಓಡುವ ಲಾರಿ ಘಟ್ಟದಲ್ಲಿ ಮುಗ್ಗರಿಸುವುದು ಇದರಿಂದ. ಬೇಡಿಕೆ ಮಿತಿಮೀರಿದಾಗ ಕಿಡಿ ತಪ್ಪುತ್ತದೆ; ಇಲ್ಲವೇ ಒತ್ತಡವು ಬಿರುಕುಬಿಟ್ಟ ಮುಚ್ಚಳದಲ್ಲಿಯೋ ಜೀರ್ಣವಾದ ತಂತಿಯಲ್ಲಿಯೋ ಕಳ್ಳದಾರಿಯನ್ನು ಹುಡುಕಿ ಎಂಜಿನಿನ ಕಬ್ಬಿಣಕ್ಕೆ ಇಳಿದುಹೋಗುತ್ತದೆ.

ಆದಕಾರಣ ಹಳೆಯ ಪ್ಲಗ್ಗನ್ನು ಬಿಚ್ಚಿದೊಡನೆ ಎಸೆಯಬಾರದು. ವೈದ್ಯನು ನಾಲಗೆಯನ್ನು ನೋಡುವಂತೆ ಅದನ್ನು ನೋಡಬೇಕು. ತುದಿಯಲ್ಲಿ ತಿಳಿಗಂದು ಬಣ್ಣವಿದ್ದರೆ ಎಂಜಿನಿಗೆ ಆರೋಗ್ಯ. ಒಣಗಿದ ಕರಿಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೇ ಕಿಡಿ ದುರ್ಬಲವಾಗಿದೆ. ಜಿಡ್ಡಾದ ಕಪ್ಪಿದ್ದರೆ ಎಂಜಿನಿನ ಎಣ್ಣೆ ಮೇಲಕ್ಕೆ ನುಗ್ಗುತ್ತಿದೆ. ಹೊಸ ಪ್ಲಗ್ಗು ಹಾಕಿದರೆ ಅದೂ ಕೆಲವು ದಿನಗಳಲ್ಲಿ ಹಾಗೆಯೇ ಆಗುವುದು. ಬಿಳಿಚಿ ಬೊಕ್ಕೆಯೆದ್ದಿದ್ದರೆ ಕಾವು ಮೀರಿದೆ. ಮಿಶ್ರಣ ತೆಳುವಾಗಿರಬಹುದು, ಕಿಡಿ ಹೊತ್ತಿಗೆ ಮುಂಚೆ ಹಾರುತ್ತಿರಬಹುದು, ಅಥವಾ ಆ ಎಂಜಿನಿಗೆ ತಕ್ಕದ್ದಲ್ಲದ ಪ್ಲಗ್ಗನ್ನು ಹಾಕಿರಬಹುದು. ಯಾವ ಸಿಲಿಂಡರಿನದು ಯಾವುದೆಂದು ತಿಳಿಯುವಂತೆ ಆರನ್ನೂ ಸಾಲಾಗಿ ಇಡಬೇಕು.

ಕೆಲಸವನ್ನು ಎಂಜಿನು ತಣ್ಣಗಿರುವಾಗ ಮಾಡತಕ್ಕದ್ದು. ಮೊದಲು ಪ್ಲಗ್ಗಿನ ಬುಡದ ದೂಳನ್ನು ಊದಿ ತೆಗೆಯಬೇಕು. ಇಲ್ಲದಿದ್ದರೆ ಮರಳು ಸಿಲಿಂಡರಿಗೆ ಬಿದ್ದೀತು. ತಂತಿಗಳನ್ನು ಒಂದೊಂದಾಗಿ, ತುದಿಯ ಟೊಪ್ಪಿಗೆಯನ್ನೇ ಹಿಡಿದು ಕಳಚಬೇಕು. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಸರದಿ ತಪ್ಪುವುದು ಸುಲಭ. ಹೊಸ ಪ್ಲಗ್ಗಿನ ಸಂದನ್ನು ಲಾರಿಯ ಕೈಪಿಡಿಯಲ್ಲಿ ಹೇಳಿರುವಷ್ಟಕ್ಕೆ ಫೀಲರ್ ಗೇಜಿನಿಂದ ಸರಿಪಡಿಸಬೇಕು. ಬಾಗಿಸತಕ್ಕದ್ದು ಪಕ್ಕದ ಕೊಕ್ಕೆಯನ್ನು ಮಾತ್ರ. ನಡುವಿನ ಕಡ್ಡಿಯನ್ನು ಮೀಟಿದರೆ ಸುತ್ತಲಿನ ಪಿಂಗಾಣಿ ಸೀಳುತ್ತದೆ. ಮರೆ ಹಿಡಿಯುವವರೆಗೆ ಕೈಯಿಂದಲೇ ತಿರುಗಿಸಿ, ಕಡೆಯ ಬಿಗಿತಕ್ಕೆ ಮಾತ್ರ ಸ್ಪ್ಯಾನರನ್ನು ಉಪಯೋಗಿಸಬೇಕು.

ಪಾಯಿಂಟುಗಳು ಸುಟ್ಟು ಗುಳಿಬಿದ್ದಿದ್ದರೆ ಕಂಡೆನ್ಸರನ್ನೂ ಸಂಶಯಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸುವುದೇ ರೂಢಿ. ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಪಾಯಿಂಟಿನ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ. ಆದ್ದರಿಂದ ಹೊಸ ಪಾಯಿಂಟನ್ನು ಹಾಕಿ ಸಂದನ್ನು ಅಳೆದ ಬಳಿಕ ಕಿಡಿಯ ಹೊತ್ತನ್ನೂ ಪರೀಕ್ಷಿಸದೆ ಬಿಡಬಾರದು. ಮೊದಲು ಸಂದು, ಆಮೇಲೆ ಹೊತ್ತು. ಈ ಕ್ರಮ ತಿರುವುಮುರುವಾದರೆ ಶ್ರಮವೆಲ್ಲ ವ್ಯರ್ಥ. ಕ್ಯಾಮಿಗೆ ಒಂದಿಷ್ಟು ಗ್ರೀಸು ಸವರಿದರೆ ಹೊಸ ತುಂಡು ಬಾಳುತ್ತದೆ. ಹೆಚ್ಚು ಸವರಿದರೆ ಗ್ರೀಸು ಸಿಡಿದು ಪಾಯಿಂಟುಗಳನ್ನೇ ಕೆಡಿಸುತ್ತದೆ.

ಇವೆಲ್ಲವೂ ಸಣ್ಣ ಬೆಲೆಯ ಸಣ್ಣ ಭಾಗಗಳು. ಆದರೆ ಇಡೀ ಲಾರಿ ನಡೆಯುವುದು ಅವುಗಳ ನಡುವೆ ಇರುವ ಕೂದಲೆಳೆಯಷ್ಟು ಸಂದುಗಳ ಮೇಲೆ. ಕೆಟ್ಟದ್ದನ್ನು ಬದಲಿಸುವುದು ಅರ್ಧ ಕೆಲಸ. ಅದು ಏಕೆ ಕೆಟ್ಟಿತೆಂದು ತಿಳಿಯುವುದು ಉಳಿದರ್ಧ. ಎರಡನ್ನೂ ಮಾಡಿದವನ ಲಾರಿ ಘಟ್ಟದ ತಿರುವಿನಲ್ಲಿ ಅವನ ಕೈಬಿಡುವುದು ಅಪರೂಪ.