ಜೇನಿಗೂ ಹಿಂದಿನ ಪರಾಗವಾಹಕರು

ಜೇನುನೊಣ ಹುಟ್ಟುವ ಮೊದಲು ಗಿಡಗಳಿಗೆ ಪರಾಗ ಮುಟ್ಟಿಸುತ್ತಿದ್ದವರು ಯಾರು ಎಂದು ಓದುಗರೊಬ್ಬರು ಕೇಳಿದ್ದಾರೆ. ಗಾಳಿ ಇತ್ತು, ನಿಜ. ಆದರೆ ಜೀರುಂಡೆಗಳೂ ಇದ್ದವು. ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಬೊಗಾನಿಯಿಡೆ ಎಂಬ ಪುಟ್ಟ ಕುಟುಂಬ. ಇದರಲ್ಲಿರುವುದು ಕೆಲವೇ ಜಾತಿಗಳು. ಇಂದು ಅವು ಬದುಕಿರುವುದು ಆಫ್ರಿಕಾದ ದಕ್ಷಿಣ ಭಾಗ, ಆಸ್ಟ್ರೇಲಿಯಾ ಮತ್ತು ನ್ಯೂ ಕ್ಯಾಲೆಡೋನಿಯಾದಲ್ಲಿ. ಆಹಾರ ಪರಾಗ. ಕೆಲವಕ್ಕೆ ಸೈಕಾಡ್ ಗಿಡವೇ ಮನೆ.

ನಮ್ಮ ಪಶ್ಚಿಮ ಘಟ್ಟದ ಗೊಡ್ಡೀಚಲೂ ಸೈಕಾಡೇ. ನೋಡಲು ಈಚಲಿನಂತಿದ್ದರೂ ಅದಕ್ಕೂ ಇದಕ್ಕೂ ನಂಟಿಲ್ಲ. ಸೈಕಾಡ್‌ಗಳು ಹೂ ಬಿಡುವುದಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಇರುವುದು ಗಂಡು ಗಿಡದ ಶಂಕುವಿನಲ್ಲಿ. ಅದನ್ನು ಗಾಳಿಯೇ ಒಯ್ಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1986ರಲ್ಲಿ ಸಸ್ಯವಿಜ್ಞಾನಿ ನಾರ್‌ಸ್ಟಾಗ್ ಮತ್ತು ಸಂಗಡಿಗರು ಮೆಕ್ಸಿಕೊ ಮೂಲದ ಒಂದು ಸೈಕಾಡಿನಲ್ಲಿ ಈ ಕೆಲಸ ಮಾಡುವುದು ಮೂತಿಹುಳು ಎಂಬ ಜೀರುಂಡೆ ಎಂದು ತೋರಿಸಿಕೊಟ್ಟರು.

ಹಾಗಾದರೆ ಈ ಸ್ನೇಹ ಎಷ್ಟು ಹಳೆಯದು? ಚೀನಾದ ನಾನ್‌ಜಿಂಗ್‌ನ ವಿಜ್ಞಾನಿ ಚೆನ್‌ಯಾಂಗ್ ಕಾಯ್ ಮತ್ತು ತಂಡ 2018ರಲ್ಲಿ ಮ್ಯಾನ್ಮಾರಿನ ಅಂಬರ್ ತುಂಡೊಂದನ್ನು ವರ್ಣಿಸಿದರು. ಸುಮಾರು 9.9 ಕೋಟಿ ವರ್ಷ ಹಿಂದಿನ ಆ ಗಟ್ಟಿ ರಾಳದೊಳಗೆ ಸುಮಾರು ಎರಡು ಮಿಲಿಮೀಟರಿನ ಒಂದು ಜೀರುಂಡೆ. ರಾಳವನ್ನು ಕತ್ತರಿಸಿ, ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಅದರ ಜೊತೆಗೇ ಹಲವು ಪರಾಗ ಕಣಗಳು ಕಂಡವು. ಪರಾಗತಜ್ಞರು ನೋಡಿ ಅವು ಸೈಕಾಡಿನವು ಎಂದರು. ಬೊಗಾನಿಯಿಡೆ ಕುಟುಂಬಕ್ಕೇ ಸೇರಿದ ಈ ಜೀರುಂಡೆಗೆ ಕ್ರೆಟೋಪ್ಯಾರಕುಕುಜಸ್ ಎಂಬ ಕುಲನಾಮ ಸಿಕ್ಕಿತು.

ಜೊತೆಯಲ್ಲಿ ಪರಾಗ ಸಿಕ್ಕಿದ ಮಾತ್ರಕ್ಕೆ ಹುಳು ಅದನ್ನು ಹೆಣ್ಣು ಗಿಡಕ್ಕೆ ತಲುಪಿಸಿತು ಎನ್ನಲಾಗದು. ಬರೀ ತಿಂದು ಹೋಗುವ ಹುಳವೂ ಇದ್ದೀತು. ನನ್ನನ್ನು ಒಪ್ಪಿಸಿದ್ದು ಅದರ ದವಡೆ. ಅದರ ಮೇಲೆ ಪರಾಗ ಹೊರುವುದಕ್ಕೆಂದೇ ಮಾರ್ಪಟ್ಟ ಭಾಗವೊಂದಿದೆ, ಬಾಯಿಗೇ ಜೋಳಿಗೆ ಕಟ್ಟಿದ ಹಾಗೆ. ಮತ್ತೊಂದು ಸಾಕ್ಷಿ ಅದರ ನೆಂಟಸ್ತಿಕೆ. ಅದರ ಅತಿ ಹತ್ತಿರದ ಬಂಧು ಪ್ಯಾರಕುಕುಜಸ್ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮ್ಯಾಕ್ರೊಝೇಮಿಯಾ ಎಂಬ ಸೈಕಾಡಿಗೆ ಈಗಲೂ ಪರಾಗ ಹೊರುತ್ತದೆ. ಒಂದು ಮ್ಯಾನ್ಮಾರಿನ ರಾಳದಲ್ಲಿ, ಇನ್ನೊಂದು ಆಸ್ಟ್ರೇಲಿಯಾದ ಕಾಡಿನಲ್ಲಿ. ಭೂಖಂಡಗಳು ಬೇರೆಯಾಗುವ ಮೊದಲೇ ಈ ಒಡನಾಟ ಶುರುವಾಗಿದ್ದಿರಬೇಕು ಎಂಬ ಸಂಶೋಧಕರ ವಾದಕ್ಕೆ ಇದೇ ಬಲ.

ಗೊಡ್ಡೀಚಲು ಸೇರಿದ ಸೈಕಸ್ ಕುಲದ ಏಷ್ಯಾದ ಗಿಡಗಳ ಶಂಕುಗಳಲ್ಲಾದರೋ ಬೇರೊಂದು ಮನೆತನ ನೆಲೆಸಿದೆ. ಅದು 2015ರಲ್ಲಿ ಹೆಸರು ಪಡೆದ ಸೈಕಾಡೋಫಿಲ. ಇದು ಎರೊಟೈಲಿಡೆ ಕುಟುಂಬದ್ದು. ಆ ಕುಟುಂಬದ ಬಹುಪಾಲು ಜೀರುಂಡೆಗಳು ಅಣಬೆ, ಶಿಲೀಂಧ್ರ ತಿಂದು ಬದುಕುವಂಥವು.