ಹುದ್ದೆ ತುಂಬಿದರೆ ಸಾಕೇ? ಮಾನವ ಸಂಪನ್ಮೂಲ ನಿರ್ವಹಣೆಯ ಪರಿಚಯ

ಯಾವುದೇ ಸಂಸ್ಥೆ ನಡೆಯಬೇಕಾದರೆ ಹಣ, ಯಂತ್ರ, ಸಾಮಗ್ರಿ ಮತ್ತು ಜನ ಬೇಕು. ಮೊದಲ ಮೂರನ್ನು ಬಳಸಿ ಫಲ ಕೊಡುವವರು ಜನ. ಆದರೂ ಸಿಬ್ಬಂದಿ ಆಡಳಿತವೆಂದರೆ ಹಾಜರಿ ಪುಸ್ತಕ, ಸಂಬಳದ ಪಟ್ಟಿ, ರಜೆ ಅರ್ಜಿ ಇಷ್ಟೇ ಎಂಬ ಭಾವನೆ ಬಹುಕಾಲ ಇತ್ತು. ಕೆಲಸಗಾರನೂ ಒಂದು ಸಂಪನ್ಮೂಲ, ಆದರೆ ತಾನು ಎಷ್ಟು ದುಡಿಯಬೇಕೆಂಬುದನ್ನು ತಾನೇ ನಿರ್ಧರಿಸುವ ಸಂಪನ್ಮೂಲ ಎಂಬ ವಿಚಾರವನ್ನು ಪೀಟರ್ ಡ್ರಕರ್ 1954ರಲ್ಲಿ ಮುಂದಿಟ್ಟರು.

ಹಾಗಾದರೆ ಮಾನವ ಸಂಪನ್ಮೂಲ ನಿರ್ವಹಣೆ ಎಂದರೇನು? ಯಾವ ಕೆಲಸಕ್ಕೆ ಎಷ್ಟು ಜನ ಬೇಕೆಂದು ಮೊದಲೇ ಲೆಕ್ಕ ಹಾಕುವುದು, ತಕ್ಕವರನ್ನು ಆರಿಸುವುದು, ಸರಿಯಾದ ಜಾಗದಲ್ಲಿ ನಿಯೋಜಿಸುವುದು, ತರಬೇತಿ ಕೊಡುವುದು, ಕೆಲಸವನ್ನು ನ್ಯಾಯವಾಗಿ ಅಳೆಯುವುದು, ಅಹವಾಲು ಕೇಳುವುದು, ಕೊನೆಗೆ ಅವರನ್ನು ಉಳಿಸಿಕೊಳ್ಳುವುದು. ಇವು ಒಂದೇ ಸರಪಳಿಯ ಕೊಂಡಿಗಳು. ಒಂದು ಕಳಚಿದರೂ ಉಳಿದವು ನಿಷ್ಪ್ರಯೋಜಕ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿಯನ್ನು ಗಮನಿಸೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಈ ಮೂರೂ ಸೇರಿದ್ದವು. ಇಲ್ಲಿ ಜನರಿಗೆ ಹತ್ತಿರದ ಸಂಸ್ಥೆಗಳೆಂದರೆ ಶಾಲೆ, ಆಸ್ಪತ್ರೆ, ತಹಸೀಲ್ದಾರರ ಕಚೇರಿ, ಬಸ್ ಘಟಕ. ದೂರದೂರಿನಿಂದ ಬಂದ ನೌಕರ ಸೇರಿದ ದಿನವೇ ವರ್ಗಾವಣೆಯ ದಾರಿ ಹುಡುಕುತ್ತಾನೆಂಬುದು ಈ ಭಾಗದ ಹಳೆಯ ದೂರು.

ಈ ದೂರಿಗೆ ಭಾಗಶಃ ಉತ್ತರ ಸಂವಿಧಾನದ 371(ಜೆ) ವಿಧಿಯಿಂದ ದೊರೆಯಿತು. 98ನೆಯ ತಿದ್ದುಪಡಿಯ ಮೂಲಕ ಬಂದ ಈ ವಿಧಿಯನ್ವಯ 2013ರಲ್ಲಿ ಆದೇಶ ಹೊರಟಿತು. ಪ್ರಾದೇಶಿಕ ವೃಂದದಲ್ಲಿ 'ಎ' ಗುಂಪಿನ ಕಿರಿಯ ಶ್ರೇಣಿ ಹಾಗೂ 'ಬಿ' ಗುಂಪಿನ ಹುದ್ದೆಗಳಲ್ಲಿ ಶೇ. 75, 'ಸಿ' ಗುಂಪಿನಲ್ಲಿ ಶೇ. 80, 'ಡಿ' ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲಾದವು. ಊರಿನ ಭಾಷೆ, ನೆಂಟಸ್ತನ, ಹೊಲಮನೆ ಇರುವವರು ಇಲ್ಲಿಯೇ ನಿಲ್ಲುವ ಸಂಭವ ಹೆಚ್ಚೆಂಬುದು ಇದರ ಹಿಂದಿನ ಒಂದು ಎಣಿಕೆ.

ಆದರೆ ಇದು ಆಯ್ಕೆ ಎಂಬ ಒಂದೇ ಕೊಂಡಿ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕಲ್ಪಿಸಿಕೊಳ್ಳಿ. ಕಟ್ಟಡವಿದೆ, ವೈದ್ಯರಿದ್ದಾರೆ, ಸೂಕ್ಷ್ಮದರ್ಶಕವೂ ಬಂದಿದೆ. ಪ್ರಯೋಗಾಲಯ ತಂತ್ರಜ್ಞರ ಹುದ್ದೆ ಮಾತ್ರ ಖಾಲಿ. ಆಗ ಜ್ವರ ಬಂದ ಮಗುವಿನ ರಕ್ತ ಪರೀಕ್ಷೆಗೆ ತಾಯಿ ತಾಲ್ಲೂಕು ಊರಿಗೆ ಬಸ್ಸು ಹತ್ತಬೇಕು. ಒಂದು ದಿನದ ಕೂಲಿ ಹೋಯಿತು, ಚಿಕಿತ್ಸೆಯೂ ತಡವಾಯಿತು. ತಂತ್ರಜ್ಞರು ಬಂದರೂ ಹೊಸ ಉಪಕರಣದ ತರಬೇತಿ ಇಲ್ಲದಿದ್ದರೆ, ವಾಸಕ್ಕೆ ಮನೆ, ಮಕ್ಕಳಿಗೆ ಶಾಲೆ ಸಿಗದಿದ್ದರೆ ಫಲ ಅದೇ.

ಇದಕ್ಕೆ ದೊಡ್ಡ ವೆಚ್ಚವಿಲ್ಲದ ಪರಿಹಾರಗಳೂ ಇವೆ. ಮೊದಲನೆಯದು ಯೋಜನೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಿಂದ 60. ಅಂದರೆ ಸೇರಿದ ದಿನವೇ ನಿವೃತ್ತಿಯ ದಿನ ಗೊತ್ತು. ಮುಂದಿನ ಐದು ವರ್ಷಗಳಲ್ಲಿ ಯಾವ ಕುರ್ಚಿ ಎಂದು ಖಾಲಿಯಾಗುವುದೆಂಬ ಪಟ್ಟಿಯನ್ನು ಯಾವ ಕಚೇರಿಯಾದರೂ ಇಂದೇ ತಯಾರಿಸಬಹುದು. ಎರಡನೆಯದು, ಹೊಸಬರಿಗೆ ಅನುಭವಿಗಳ ಜೊತೆ ಕೆಲವು ತಿಂಗಳು ಕೆಲಸ ಕಲಿಯುವ ಅವಕಾಶ. ಹಿರಿಯರು ನಿವೃತ್ತರಾದ ಮೇಲೆ ಕಡತ ಉಳಿಯುತ್ತದೆ, ಅವರ ತಿಳಿವಳಿಕೆ ಉಳಿಯುವುದಿಲ್ಲ. ಮೂರನೆಯದು, ಚೆನ್ನಾಗಿ ದುಡಿದವರಿಗೂ ಕಾಲ ಕಳೆದವರಿಗೂ ಒಂದೇ ಷರಾ ಬರೆಯದಿರುವುದು. ನಾಲ್ಕನೆಯದು, ಸಿಬ್ಬಂದಿಯ ಅಹವಾಲಿಗೆ ಗೊತ್ತಾದ ದಿನದೊಳಗೆ ಉತ್ತರ ಕೊಡುವುದು.

ಕೆಲವರು, "ಹುದ್ದೆ ತುಂಬುವುದು ಬೆಂಗಳೂರಿನ ಕೈಯಲ್ಲಿದೆ, ನಾವೇನು ಮಾಡೋಣ?" ಎನ್ನಬಹುದು. ನೇಮಕದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಇರುವ ಹತ್ತು ಮಂದಿಗೆ ಕೆಲಸವನ್ನು ಸಮನಾಗಿ ಹಂಚುವುದು, ಕಲಿಸುವುದು, ಗೌರವದಿಂದ ನಡೆಸಿಕೊಳ್ಳುವುದು ಆಯಾ ಕಚೇರಿಯ ಮುಖ್ಯಸ್ಥರ ಕೈಯಲ್ಲೇ ಇದೆ.

ಆದ್ದರಿಂದ ವೀಕ್ಷಕರು ತಮ್ಮೂರಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಎಷ್ಟು ಹುದ್ದೆ ತುಂಬಿದೆ ಎಂದಷ್ಟೇ ಕೇಳಿದರೆ ಸಾಲದು. ಬಂದವರಿಗೆ ಏನು ಕಲಿಸಲಾಯಿತು, ಅವರು ಎಷ್ಟು ವರ್ಷ ಉಳಿದರು ಎಂದೂ ಕೇಳಬೇಕು.